ಬಾಲ್ದಿ, ಸಾಬೂನು, ತುವಾಲು

ಎರ್ಲಿಂಡಾ ಬರಿಗಾಲಲ್ಲಿ ರಸ್ತೆ ದಾಟಿ ಬಂದು ಬಾಗಿಲು ಬಡಿದಳು. ಪುಷ್ಪಾವತಿ ತೆರೆದಾಗ ಎದುರಿನ ಮನೆಯತ್ತ ಕೈ ತೋರಿಸಿ, "ಖಲಾಸ್" ಎಂದಳು. ಮುಗಿಯಿತು ಎನ್ನುವ ಆ ಒಂದು ಅರಬ್ಬಿ ಮಾತು ಇಬ್ಬರಿಗೂ ಗೊತ್ತಿತ್ತು.

ಆ ಮನೆಯಲ್ಲಿ ಕುವೈತಿ ಮುದುಕಿಯೊಬ್ಬಳು ವರ್ಷಗಳಿಂದ ಹಾಸಿಗೆ ಹಿಡಿದಿದ್ದಳು. ಇರಾಕಿನ ಸೈನ್ಯ ನುಗ್ಗಿದ ವಾರವೇ ಮಗ ಹೆಂಡತಿ ಮಕ್ಕಳೊಂದಿಗೆ ಕಾರಿನಲ್ಲಿ ಸೌದಿಯ ಕಡೆ ಹೊರಟಿದ್ದ. ಮರುಭೂಮಿಯ ದಾರಿ ತಾಯಿಗೆ ತಾಳದು, ನಾಲ್ಕು ದಿನದಲ್ಲಿ ಬಂದು ಕರೆದೊಯ್ಯುತ್ತೇನೆ ಎಂದು ಫಿಲಿಪ್ಪೀನ್ಸಿನ ಕೆಲಸದವಳಾದ ಎರ್ಲಿಂಡಾಳಿಗೆ ಒಪ್ಪಿಸಿದ್ದ. ಅದಾಗಿ ಐದು ವಾರ ಕಳೆದಿತ್ತು.

ಪುಷ್ಪಾವತಿಯ ಗಂಡ ಪುರಂದರ ಊರಿಗೆ ಹೋಗುವವರನ್ನು ಗಡಿ ದಾಟಿಸುವ ಬಸ್ಸಿಗೆ ಹೆಸರು ಬರೆಸಲು ಹೋಗಿದ್ದ. ಅವಳು ಕೆಳಗಿನ ಅಂಗಡಿಯ ಟೈಲರ್, ಬಂಟ್ವಾಳ ಕಡೆಯ ಅಬ್ದುಲ್ ಲತೀಫನನ್ನು ಕರೆದುಕೊಂಡು ಓಡಿದಳು. ಅವನು ಕೋಣೆಯ ಹೊರಗೇ ನಿಂತ.

"ಪುಷ್ಪಕ್ಕ, ಇವರನ್ನು ಹೆಂಗಸರೇ ಮೀಯಿಸ್ಬೇಕು. ನಮ್ಮವರು ಅಂತ ಈ ಗಲ್ಲಿಯಲ್ಲಿ ಒಬ್ಬ ಹೆಂಗಸೂ ಉಳಿದಿಲ್ಲ."

"ನಾನು ಮುಟ್ಟಿದ್ರೆ ಆಗ್ತದಾ ಲತೀಫಣ್ಣ? ಎರ್ಲಿಂಡಾ ನೋಡಿದ್ರೆ ಇಗರ್ಜಿಗೆ ಹೋಗುವ ಕ್ರಿಶ್ಚಿಯನ್."

ಲತೀಫ್ ಗೋಡೆಯತ್ತ ಮುಖ ತಿರುಗಿಸಿ ನಿಂತ. "ಹಾಗೇ ಮಣ್ಣು ಮಾಡುದಕ್ಕಿಂತ ನಿಮ್ಮ ಕೈಯಲ್ಲಿ ಮೀಯುದು ಒಳ್ಳೇದು. ನಾನು ಇಲ್ಲಿಂದಲೇ ಹೇಳ್ತೇನೆ. ಮೈಮೇಲೆ ಒಂದು ಬಟ್ಟೆ ಹೊದಿಸಿಕೊಳ್ಳಿ. ಬಲಗಡೆಯಿಂದ ಶುರು ಮಾಡಿ. ಮೂರು ಸಲ."

ಪುಷ್ಪಾವತಿಗೆ ಇಂಗ್ಲಿಷ್ ಬಾರದು. ಎರ್ಲಿಂಡಾಳಿಗೆ ತುಳುವೂ ಇಲ್ಲ, ಕನ್ನಡವೂ ಇಲ್ಲ. ನೀರಿಗೇನು ಮಾಡುವುದೆಂದು ಸುತ್ತ ನೋಡುತ್ತ ಪುಷ್ಪಾವತಿ, "ಬಾಲ್ದಿ ಎಲ್ಲುಂಟೋ ಏನೋ" ಎಂದು ತನ್ನಷ್ಟಕ್ಕೇ ಗೊಣಗಿದಳು.

"ಬಾಲ್ದೆ?" ಎಂದು ಎರ್ಲಿಂಡಾ ಓಡಿಹೋಗಿ ಬಾಲ್ದಿಯನ್ನೇ ತಂದಿಟ್ಟಳು.

ಪುಷ್ಪಾವತಿ ಅವಳ ಮುಖ ನೋಡಿದಳು. "ಸಾಬೂನು?"

"ಸಬೋನ್."

"ತುವಾಲು?"

"ತುವಾಲ್ಯ." ಅದೂ ಬಂತು. ಕತ್ತರಿ ಮಾತ್ರ ಅರ್ಥವಾಗಲಿಲ್ಲ. ಎರಡು ಬೆರಳು ಆಡಿಸಿ ತೋರಿಸಬೇಕಾಯಿತು.

"ಅವಳಿಗೆ ತುಳು ಬರ್ತದಾ?" ಲತೀಫ್ ಹೊರಗಿನಿಂದ ಕೇಳಿದ.

"ನಂಗೆಂತ ಗೊತ್ತು ಅಣ್ಣ, ಕೇಳಿದ್ದೆಲ್ಲ ತರ್ತಾಳೆ."

ನೂರಾರು ವರ್ಷಗಳ ಹಿಂದೆ ಒಂದು ಕರಾವಳಿಗೆ ಪೋರ್ಚುಗೀಸರೂ ಇನ್ನೊಂದಕ್ಕೆ ಸ್ಪೇನಿನವರೂ ಹಡಗಿನಲ್ಲಿ ತಂದುಬಿಟ್ಟ ಮಾತುಗಳು ಅವು ಎಂಬುದು ಆ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಮುದುಕಿಯನ್ನು ಮಗ್ಗುಲಿಗೆ ಹೊರಳಿಸಿದಾಗ ಪುಷ್ಪಾವತಿಯ ಕೈ ನಿಂತಿತು. ಅಷ್ಟು ವರ್ಷ ಮಲಗಿದ್ದ ಬೆನ್ನಿನಲ್ಲಿ ಒಂದೇ ಒಂದು ಹುಣ್ಣಿರಲಿಲ್ಲ. ಅವಳು ಒದ್ದೆಗೈಯಲ್ಲೇ ಎರ್ಲಿಂಡಾಳ ಕೆನ್ನೆ ಮುಟ್ಟಿದಳು. ಅಲ್ಲಿಯವರೆಗೆ ಅಳದಿದ್ದ ಹುಡುಗಿ ಆಗ ಅತ್ತಳು. ಅಳುತ್ತಲೇ ನರೆತ ಕೂದಲನ್ನು ಬಿಡಿಸಿ, ಲತೀಫ್ ಹೇಳಿದ್ದನ್ನು ಪುಷ್ಪಾವತಿ ಬೆರಳಲ್ಲಿ ತೋರಿಸಿದಂತೆ ಮೂರು ಜಡೆ ಹಾಕಿದಳು.

ಯಾರದೋ ಉದ್ದಂಗಿಗೆಂದು ತೆಗೆದಿಟ್ಟಿದ್ದ ಬಿಳಿ ಬಟ್ಟೆಯನ್ನು ಲತೀಫ್ ಬಾಗಿಲ ಸಂದಿನಿಂದ ಕೊಟ್ಟ. ಇಬ್ಬರೂ ಸೇರಿ ಸುತ್ತಿದರು. ಲತೀಫ್ ಹೇಳಿಕಳಿಸಿದ್ದ ಪಿಕಪ್ ಹೊರಗೆ ಬಂದು ನಿಂತಿತು. ಇಬ್ಬರು ಗಂಡಸರು ಮುದುಕಿಯನ್ನು ಎತ್ತಿ ಮಲಗಿಸಿದರು.

ಲತೀಫ್ ಜೇಬಿನಿಂದ ಪೆನ್ಸಿಲ್ ತೆಗೆದ. "ಖಬರಸ್ತಾನದಲ್ಲಿ ಹೆಸರು ಬರೆದುಕೊಳ್ತಾರೆ. ನಾಳೆ ಮಗ ಹುಡುಕಿಕೊಂಡು ಬಂದ್ರೆ ಬೇಕಲ್ಲ. ಇವರ ಹೆಸರೆಂತ ಪುಷ್ಪಕ್ಕ?"

ಪುಷ್ಪಾವತಿಗೆ ಗೊತ್ತಿರಲಿಲ್ಲ. ಮನೆಯ ಕಾಗದಪತ್ರಗಳೆಲ್ಲ ಮಗನ ಪೆಟ್ಟಿಗೆಯಲ್ಲಿ ಹೋಗಿದ್ದವು. ಲತೀಫ್ ಎರ್ಲಿಂಡಾಳನ್ನು ಅರಬ್ಬಿಯಲ್ಲಿ ಕೇಳಿದ.

ನಾಲ್ಕು ವರ್ಷ ತುತ್ತು ಮಾಡಿ ಉಣಿಸಿದವಳು ಕಣ್ಣೊರೆಸಿಕೊಂಡು, ಕೆಲಸದವರು ಮನೆಯೊಡತಿಯನ್ನು ಅಮ್ಮ ಎಂದು ಕರೆಯುವ ಅಲ್ಲಿಯ ಮಾತಿನಲ್ಲಿ, "ಮಾಮಾ" ಎಂದಳು.

ಅವನು ಬರೆಯದೆ ಕಾಯುತ್ತಿದ್ದ. ಕೇಳಿಸಲಿಲ್ಲವೇನೋ ಎಂದುಕೊಂಡು ಅವಳು ಇನ್ನಷ್ಟು ಬಿಡಿಸಿ, ನಿಧಾನವಾಗಿ ಹೇಳಿದಳು: "ಮಾ... ಮಾ."