ತಾಯಿಬೇರು

"ಇದೇನ್ರೀ ಸಂಕಪ್ಪ, ಗಂಡುಮಕ್ಕಳನ್ನೆಲ್ಲ ಮೂಲೆಗೆ ತಳ್ಳಿಬಿಟ್ಟಿದ್ದೀರಾ?"

ದೋಹಾದ ಆಫೀಸಿನಲ್ಲಿ ಊಟದ ಬಿಡುವು, ೧೯೯೬ರ ಡಿಸೆಂಬರ್. ಮೈಸೂರಿನ ಯತಿರಾಜ್ ಡಬ್ಬಿ ಮುಚ್ಚಿ, ಡ್ರಾಫ್ಟ್ಸ್‌ಮನ್ ಸಂಕಪ್ಪನ ಮೇಜಿನ ಮೇಲೆ ಹರಡಿದ್ದ ಟ್ರೇಸಿಂಗ್ ಶೀಟಿನತ್ತ ಬಗ್ಗಿದ್ದ. ಅದು ಕಟ್ಟಡದ ನಕ್ಷೆಯಲ್ಲ, ಮ್ಯಾನೇಜರ್ ಸಾಹೇಬರ ಹೆಂಡತಿ, ಅಮೆರಿಕದ ಜರ್ಟ್ರೂಡ್ ಮೇಡಂ ಅವರ ವಂಶವೃಕ್ಷ. ಅವರ ಮೂಲಪುರುಷ ಏಬ್ನರ್ ಎಂಬುವನು ಹಿಂದಿನ ಶತಮಾನದಲ್ಲಿ ಗಾಡಿ ಕಟ್ಟಿಕೊಂಡು ಕಾನ್ಸಾಸಿಗೆ ಹೋಗಿ, ಹುಲ್ಲುಗಾವಲು ಉತ್ತು ನೆಲೆ ನಿಂತವನು. ಬರುವ ಬೇಸಿಗೆಯಲ್ಲಿ ನೆಂಟರೆಲ್ಲ ಸೇರುವಾಗ ಗೋಡೆಗೆ ತೂಗುಹಾಕಲು ಮೇಡಂಗೆ ಈ ಚಿತ್ರ ಬೇಕಿತ್ತು. ಮ್ಯಾನೇಜರ್ ಹೆಂಡತಿಗೆ ಆಗುವುದಿಲ್ಲ ಎನ್ನುವ ಗಂಡು ಆ ಆಫೀಸಿನಲ್ಲಿ ಇನ್ನೂ ಹುಟ್ಟಿರಲಿಲ್ಲ.

"ಮನೆತನ ಹೋಗುವುದು ತಾಯಿಯಿಂದ ಮಗಳಿಗೆ ಅಲ್ವಾ ಮಾರಾಯ್ರೆ," ಎಂದ ಸಂಕಪ್ಪ. ಅವನು ಉಡುಪಿ ಕಡೆಯವನು. ಅಳಿಯಸಂತಾನದ ಮನೆಯಲ್ಲಿ ಬೆಳೆದವನ ಕೈ ತಾನಾಗಿಯೇ ಹಾಗೆ ಓಡಿತ್ತು.

"ಅದು ನಿಮ್ಮೂರಲ್ಲಿ ಸ್ವಾಮಿ. ಅವರದು ಅಪ್ಪನ ಕಡೆಯಿಂದ." ಯತಿರಾಜ್ ನಗುತ್ತಲೇ ನಡುವಿನ ಗೆರೆಯ ಮೇಲೆ ಬೆರಳಿಟ್ಟು ಕೆಳಗಿಳಿಸಿದ. ಅರ್ಧಕ್ಕೆ ಬರುವಷ್ಟರಲ್ಲಿ ಅವನ ನಗು ನಿಂತುಹೋಯಿತು.

ಮೇಡಂ ಕೊಟ್ಟ ಕಾಗದಗಳಲ್ಲಿದ್ದಂತೆ ಪ್ರತಿ ಹೆಸರಿನ ಕೆಳಗೂ ಸಾವಿನ ವಿವರವಿತ್ತು. ಏಬ್ನರನ ಹಿರಿಮಗಳು ಹೊಳೆಯಲ್ಲಿ ಮುಳುಗಿ ಸತ್ತಿದ್ದಳು. ಅವಳ ಮಗಳು ಬಾವಿಯಲ್ಲಿ. ಅವಳ ಮಗಳು ದನಗಳ ನೀರಿನ ತೊಟ್ಟಿಯಲ್ಲಿ. ಆಮೇಲಿನವಳು, ಜರ್ಟ್ರೂಡ್ ಅವರ ತಾಯಿ, ಸರೋವರದಲ್ಲಿ. ಎಲ್ಲರೂ ಒಂದೊಂದು ಹೆಣ್ಣು ಹೆತ್ತ ಮೇಲೆಯೇ. ಮದುವೆಯಾದಾಗಲೆಲ್ಲ ಮನೆಹೆಸರು ಬದಲಾಗಿ, ಒಬ್ಬೊಬ್ಬಳ ಸಾವು ಒಂದೊಂದು ಮನೆಯ ಪಾಲಿಗೆ ಹೋಗಿಬಿಟ್ಟಿತ್ತು. ಸಂಕಪ್ಪನ ತಪ್ಪು ಗೆರೆ ಅವರನ್ನು ಒಬ್ಬರ ಕೆಳಗೊಬ್ಬರಂತೆ ತಂದು ನಿಲ್ಲಿಸಿತ್ತು. ಅವರೆಲ್ಲರ ಕೆಳಗೆ ಜರ್ಟ್ರೂಡ್. ಅವರ ಕೆಳಗೆ ಮೂರು ವರ್ಷದ ಮಗಳು.

"ಬರೆಯುವಾಗ ಕಾಣಲಿಲ್ವೇನ್ರೀ?"

"ಹೆಸರು ತಪ್ಪಬಾರದು ಅಂತ ಅಷ್ಟೇ ನೋಡಿದ್ದು. ನಮ್ಮಲ್ಲಾದರೆ ಇಷ್ಟು ಹೊತ್ತಿಗೆ ಜೋಯಿಸರ ಮನೆಗೆ ಓಡ್ತಿದ್ರು." ಸಂಕಪ್ಪನಿಗೆ ನಿಜವಾಗಿಯೂ ಹೆದರಿಕೆಯಾಯಿತು. ಶೀಟನ್ನು ಸುತ್ತಿ ಒಳಗಿಟ್ಟು ಬೇರೆ ಬರೆದುಕೊಡೋಣ ಎಂದುಕೊಳ್ಳುವಷ್ಟರಲ್ಲಿ ಮೇಡಂ ಬಂದೇಬಿಟ್ಟರು. ಇಬ್ಬರೂ ಎದ್ದು ನಿಂತರು.

ಮೇಡಂ ಕುರ್ಚಿ ಎಳೆದುಕೊಂಡು ಕೂತು ಗೆರೆಯುದ್ದಕ್ಕೂ ಓದಿದರು. ಎರಡನೆಯ ಸಲ ಬಹಳ ನಿಧಾನವಾಗಿ ಓದಿದರು.

"ಒಂದೊಂದನ್ನೂ ಓದಿದ್ದೆ. ಒಟ್ಟಿಗೆ ನೋಡಿರಲಿಲ್ಲ," ಎಂದರು ಇಂಗ್ಲಿಷಿನಲ್ಲಿ.

ಯತಿರಾಜನಿಗೆ ಪಾಪ ಅನಿಸಿತು. "ಇದು ಮರಳುಗಾಡು ಮೇಡಂ. ಇಲ್ಲಿ ಹೊಳೆ ಮಾಫಿ, ಬಾವಿ ಮಾಫಿ, ಯಾವುದೂ ಇಲ್ಲ. ಸಮುದ್ರದ ಕಡೆ ಹೋಗದಿದ್ದರಾಯಿತು. ಇಲ್ಲಿರೋ ತನಕ ಯಾಕೆ ಯೋಚನೆ?"

"ಹೌದು," ಎಂದರು ಜರ್ಟ್ರೂಡ್. "ಈ ಊರಿಗೆ ಬಂದ ಮೇಲೆಯೇ ನನಗೆ ರಾತ್ರಿ ನಿದ್ದೆ ಹತ್ತಿದ್ದು. ಯಾಕೆಂದು ಇವತ್ತಿನವರೆಗೂ ಗೊತ್ತಿರಲಿಲ್ಲ."

ಅಷ್ಟು ಹೇಳುವಾಗಲೇ ಅವರ ಗಂಟಲು ಒಣಗಿತ್ತು. ಕೆಮ್ಮು ಬಂತು, ನಿಲ್ಲಲಿಲ್ಲ. ಎದೆ ಹಿಡಿದುಕೊಂಡು ಕೈ ಚಾಚಿದರು.

"ಸ್ವಲ್ಪ ನೀರು ಕೊಡ್ತೀರಾ?"

ಮೂಲೆಯ ನೀರಿನ ಕೂಲರಿನಲ್ಲಿ ಗುಳಕ್ಕೆಂದು ಗುಳ್ಳೆಯೊಂದು ಎದ್ದಿತು. ಇಬ್ಬರ ಕಾಲೂ ನಿಂತಲ್ಲಿಂದ ಕದಲಲಿಲ್ಲ.