ಕಿಟ್ಲಿಯ ಹಕ್ಕಳೆ

ಮಣ್ಣೂರಿಗೆ ಹೆಣ್ಣು ನೋಡಲು ಬಂದ ಖಲೀಲ ಹೆಣ್ಣು ಕುಳಿತ ಪರದೆಯನ್ನು ಬಿಟ್ಟು ಚಹಾ ಕಿಟ್ಲಿಯನ್ನೇ ನೋಡುತ್ತ ಕುಳಿತಿದ್ದ. ಪಡಸಾಲೆಯ ಮೂಲೆಯಲ್ಲಿ ಒಲೆಯ ಮೇಲಿದ್ದ ಕಿಟ್ಲಿ ಎಷ್ಟು ಹೊತ್ತಾದರೂ ಕುದಿಯುವ ಮನಸ್ಸು ಮಾಡಿರಲಿಲ್ಲ. ಪಕ್ಕದಲ್ಲಿದ್ದ ಅಮ್ಮಿ ಕಣ್ಣಲ್ಲೇ ಗದರಿಸಿದಳು. ಅವನು ಕೇಳಬೇಕಲ್ಲ.

"ದಾದಿ, ಇದರೊಳಗ ಸುಣ್ಣದ ಹಕ್ಕಳಿ ಕಟ್ಟೇದ್ರಿ," ಎಂದ. "ಉರಿ ಎಲ್ಲಾ ಹಕ್ಕಳಿನೇ ತಿನ್ನಾಕತ್ತದ. ನೀರಿಗಿ ಕಾವು ಹೆಂಗ ಮುಟ್ಟಬೇಕ್ರಿ?"

"ನಮ್ಮ ಬೋರಿನ ನೀರು ಸವಳಪ್ಪ," ಎಂದರು ಹುಡುಗಿಯ ಅಜ್ಜಿ ನಜಮುನ್ನಿಸಾ. "ಇರಲಿ ಬಿಡು. ಕುದೀತದ."

ಇರಲಿ ಎಂದು ಬಿಡುವ ಪೈಕಿ ಅವನಲ್ಲ. ಕಾಗದದ ಗಿರಣಿಯಲ್ಲಿ ಕಬ್ಬಿನ ಸಿಪ್ಪೆ ಬೇಯಿಸಿ ಉಳಿದ ಕಪ್ಪು ನೀರನ್ನು ಕಾಯಿಸಿ ಗಟ್ಟಿ ಮಾಡುವ ಯಂತ್ರ ಅವನ ಸುಪರ್ದಿಗೆ ಬಂದಿತ್ತು. ಹಾಗೆ ಗಟ್ಟಿ ಮಾಡಿದರೇ ಅದರೊಳಗಿನ ಕೆಮಿಕಲ್ ಮರಳಿ ಸಿಗುವುದು. ಯಂತ್ರದ ಕೊಳವೆಗಳಿಗೂ ಇದೇ ಹಕ್ಕಳೆಯ ಕಾಟ. ನಿನ್ನೆ ಎಲ್ಲವನ್ನೂ ಫಳಫಳ ಹೊಳೆಯುವಂತೆ ಉಜ್ಜಿಸಿ ಬಂದಿದ್ದ, ಇಲ್ಲಿಗೆ ಬಂದವನೇ ಅದನ್ನು ಎಲ್ಲರಿಗೂ ಹೇಳಿಯೂ ಇದ್ದ. ಇವತ್ತು ಸಾಹೇಬರು ಯಂತ್ರ ಶುರು ಮಾಡುವವರಿದ್ದರು. ಅದು ಸುಸೂತ್ರ ನಡೆದರೆ ನೌಕರಿ ಕಾಯಂ, ನೌಕರಿ ಕಾಯಂ ಆದರೆ ನಿಕಾಹ ಎಂಬ ಮಾತಾಗಿತ್ತು.

ಅಷ್ಟರಲ್ಲಿ ಪರದೆಯ ಹಿಂದೆ ಹುಡುಗಿ ನೂರೀನ ಕಿಸಕ್ಕನೆ ನಕ್ಕಳು. ಇಂಥ ನಗು ಕೇಳಿದ ಮೇಲೆ ಯಾವ ಗಂಡಸಿನ ಬುದ್ಧಿ ನೆಟ್ಟಗಿರುತ್ತದೆ? ಖಲೀಲ ಅಂಗಿಯ ತೋಳು ಮಡಚಿ ಎದ್ದ. ಕಿಟ್ಲಿಯ ನೀರು ಚೆಲ್ಲಿ, ನಿಂಬೆಹಣ್ಣು ಹಿಂಡಿ, ಚಮಚದ ಹಿಡಿಯಿಂದ ಕೆರೆಯತೊಡಗಿದ. ಹಕ್ಕಳೆ ಚೂರುಚೂರಾಗಿ ಉದುರಿತು. ಅಮ್ಮಿ ಹಣೆ ಚಚ್ಚಿಕೊಂಡಳು.

"ಈಗ ನೀರು ಹಾಕ್ರಿ ದಾದಿ. ಕಣ್ಣು ಮುಚ್ಚಿ ತೆಗಿಯೂದ್ರಾಗ ಕುದೀತದ."

ಅಜ್ಜಿ ಕಿಟ್ಲಿಯನ್ನು ಮತ್ತೆ ಒಲೆಯ ಮೇಲಿಟ್ಟು ನೀರು ಹಾಕಿದರು. ಒಲೆ ಚುಸ್ಸೆಂದು ಆರಿತು. ಕಿಟ್ಲಿಯ ತಳದ ತುಂಬ ಸಣ್ಣ ಸಣ್ಣ ತೂತುಗಳು. ಹಾಕಿದ ನೀರೆಲ್ಲ ಬೂದಿಯ ಪಾಲಾಯಿತು.

"ನನ್ನ ಮದುವಿ ಕಿಟ್ಲಿ," ಎಂದರು ನಜಮುನ್ನಿಸಾ, ಸಿಟ್ಟಿಲ್ಲದೆ. "ತಳ ಎಂದೋ ಹೋಗೇದ ಬೇಟಾ. ಆ ಹಕ್ಕಳಿನೇ ನೀರು ಹಿಡದಿತ್ತು. ಅದಕ್ಕ ಇರಲಿ ಬಿಡು ಅಂದೆ."

ಖಲೀಲನಿಗೆ ಭೂಮಿ ಬಾಯಿ ಬಿಟ್ಟರೆ ಸಾಕು ಎನಿಸಿತು. ಪರದೆ ಸರಿಸಿ ನೂರೀನ ಮೊದಲ ಸಲ ಅವನನ್ನು ನೆಟ್ಟಗೆ ನೋಡಿದಳು.

"ಗಿರಣ್ಯಾಗಿನ ಕೊಳವಿನೂ ಹಳೇವೇನ್ರಿ?"

ಹಳೆಯವೇ, ತೀರಾ ಹಳೆಯವು. ನಿನ್ನೆ ಅವುಗಳಿಂದ ಉಜ್ಜಿಸಿ ತೆಗೆಸಿದ ಹಕ್ಕಳೆ ಖಲೀಲನ ಕಣ್ಣೆದುರು ಬಂತು. ಅದೇ ಹೊತ್ತಿಗೆ ಜೇಬಿನಲ್ಲಿ ಮೊಬೈಲು ಹೊಡೆದುಕೊಳ್ಳತೊಡಗಿತು. ತೆಗೆದು ನೋಡಿದರೆ ಗಿರಣಿಯ ಸಾಹೇಬರು. ಎತ್ತುವ ಧೈರ್ಯವಾಗದೆ ಕೈಯಲ್ಲಿ ಹಿಡಿದು ನಿಂತ.

"ಎತ್ತು ಬೇಟಾ," ಎಂದರು ಅಜ್ಜಿ, ಸೋರುವ ಕಿಟ್ಲಿಯನ್ನು ಬದಿಗಿಡುತ್ತ. "ನೌಕರಿ ಉಳದದೋ ಇಲ್ಲೋ ಕೇಳು. ಉಳದಿದ್ರ ಮಗ್ಗಲ ಮನಿ ಕಿಟ್ಲಿ ತರಸ್ತೇನಿ."