ಎಡೆಗೊಂದು ಬರ್ಗರ್

ಶಟರ್ ಅರ್ಧ ಎತ್ತುವಷ್ಟರಲ್ಲೇ ಬೈರಪ್ಪ ಬಗ್ಗಿ ಒಳಗೆ ನುಗ್ಗಿದ. ಮೂಡಲಪಾಳ್ಯದ ಆ ಫ್ರೈಡ್ ಚಿಕನ್ ಅಂಗಡಿ, ಮಾಲೀಕ ನಾಗರಾಜುವಿನ ಮೀಸೆ ಕಪ್ಪಗಿದ್ದ ಕಾಲದಿಂದಲೂ ಅಲ್ಲೇ ಇದೆ. ಗೋಡೆಯ ಮೇಲೆ ಬರೆಸಿದ ಹುಂಜ ಎಣ್ಣೆಯ ಹೊಗೆ ಕುಡಿದು ಕುಡಿದು ಕಂದುಗಟ್ಟಿದೆ. ಬೈರಪ್ಪ ಇಷ್ಟು ವರ್ಷ ಅದರ ಮುಂದೆಯೇ ಓಡಾಡಿದ್ದ. ಒಳಗೆ ಕಾಲಿಟ್ಟಿದ್ದು ಇವತ್ತೇ.

“ಎಣ್ಣೆ ಇನ್ನೂ ಕಾದಿಲ್ಲ ಸಾರ್, ಕೂತ್ಕೊಳಿ,” ಅಂದ ನಾಗರಾಜು, ಬೋಳು ತಲೆ ಕಂಡು ನಕ್ಕ. “ಏನ್ ತಿರುಪತೀನಾ? ಬೆಟ್ಟ ಇಳ್ದು ನೇರ ಚಿಕನ್ ಅಂಗ್ಡಿಗೇ ಬಂದ್ಬಿಟ್ರಾ?”

ಬೈರಪ್ಪ ತಲೆ ಸವರಿಕೊಂಡ. ಬೆಳಿಗ್ಗೆ ಕತ್ತಿ ತಾಗಿದ ಕಡೆ ಇನ್ನೂ ಉರಿಯುತ್ತಿತ್ತು. ಈ ತಲೆ ಬೋಳಿಸಿದ್ದು ಮಗ ಸತ್ತದ್ದಕ್ಕೆ ಎಂದು ಹೇಳಲು ಬಾಯಿ ತೆರೆದವನು, “ಹೂಂ” ಎಂದುಬಿಟ್ಟ.

ಮಗ ನಂದೀಶ ಹೇರೋಹಳ್ಳಿ ರಸ್ತೆಯ ಗುಂಡಿಗೆ ಬೈಕ್ ಇಳಿಸಿದವನು ಮೇಲೆ ಏಳಲೇ ಇಲ್ಲ. ಸೈಟುಗಳಾಗಿ ಮಾರಿ ಉಳಿದಿದ್ದ ತುಂಡು ಹೊಲದಲ್ಲೇ ಮಣ್ಣು ಮಾಡಿದರು. ಮೂರನೆಯ ದಿನ, ಹಾಲು ತುಪ್ಪಕ್ಕೆ, ಸಮಾಧಿಯ ಮುಂದೆ ಎಡೆ ಇಟ್ಟರು: ಮುದ್ದೆ, ನಾಟಿ ಕೋಳಿ ಸಾರು, ಬೋಟಿ ಗೊಜ್ಜು, ಮೇಲೊಂದು ಮುಷ್ಟಿ ಹೆಚ್ಚಿದ ಈರುಳ್ಳಿ. ಕಾಗೆ ಬಂದು ಕಾಂಪೌಂಡಿನ ಮೇಲೆ ಕೂತಿತು, ಕತ್ತು ಕೊಂಕಿಸಿ ನೋಡಿತು, ಹಾರಿಹೋಯಿತು. “ಹುಡುಗಂಗೆ ಏನೋ ಆಸೆ ಉಳ್ಕಂಡೈತೆ ಕಣಪ್ಪ,” ಅಂದ ಊರಿನ ಹಿರಿಯ ದೊಡ್ಡಹನುಮಯ್ಯ. “ತಿಥಿ ದಿನ ಅವನ ಬಾಯಿಗೆ ರುಚಿಯಾದದ್ದು ಇಡು. ಆವತ್ತೂ ಮುಟ್ಲಿಲ್ಲ ಅಂದ್ರೆ ಮಗ ಅಲ್ಲೇ ಅಲೀತಾ ಇರ್ತಾನೆ.” ಅವನ ಬಾಯಿಗೆ ರುಚಿಯಾದದ್ದು ಯಾವುದು? ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. “ಆ ಚಿಕನ್ ಅಂಗ್ಡಿಗೆ ಹೋಗ್ತಿದ್ನಲ್ಲ. ಏನ್ ತಿಂತೀಯಪ್ಪಾ ಅಂತ ಒಂದಿನ ನಾವು ಕೇಳಿದ್ರೆ ತಾನೇ,” ಅಂದಳು ಹೆಂಡತಿ ಮುನಿಲಕ್ಷ್ಮಮ್ಮ. ಇವತ್ತು ತಿಥಿ.

“ನಂದೀಶ ಅಂತ. ಕಪ್ಪು ಬೈಕು, ಎಡಗೈಲಿ ಹಚ್ಚೆ,” ಅಂದ ಬೈರಪ್ಪ. “ಅವನು ಇಲ್ಲಿ ತಿಂತಾನಲ್ಲ, ಅದೇ ಬೇಕಿತ್ತು.”

“ನಮ್ ನಂದೀನಾ? ನೀವು ಅವನ ಫಾದರ್ರಾ?” ನಾಗರಾಜು ಕೈ ಒರೆಸಿಕೊಂಡು ಹತ್ತಿರವೇ ಬಂದ. “ಮೂಗು ಹಂಗೇ ಇಳ್ಸಿದಾನೆ ನೋಡಿ. ಎಲ್ಲಿ ಸಾರ್ ಆಸಾಮಿ, ಈ ಕಡೆ ಪತ್ತೇನೇ ಇಲ್ಲ. ಯಾವಳಾದ್ರೂ ಸಿಕ್ಕಿದ್ಲಾ?”

“ಹೊಲದ ಹತ್ರ ಅವ್ನೆ. ಅಲ್ಲಿಗೇ ತಗೊಂಡೋಗ್ಬೇಕು.”

“ಅವನ್ದು ಯಾವಾಗ್ಲೂ ಒಂದೇ ಸಾರ್,” ಅಂದ ನಾಗರಾಜು. “ಸ್ಪೈಸಿ ಬರ್ಗರ್, ಒಂದು ಲೆಗ್ ಪೀಸು. ಈರುಳ್ಳಿ ಮಾತ್ರ ಹಾಕಂಗಿಲ್ಲ.”

“ಈರುಳ್ಳಿ ಯಾಕೆ ಹಾಕಂಗಿಲ್ಲ?”

“ಅಯ್ಯೋ, ಒಂದು ಚೂರು ಕಂಡ್ರೂ ವಾಪಸ್ ಕಳಿಸ್ತಾನೆ. ಚಿಕ್ಕೋನಿದ್ದಾಗಿಂದ್ಲೂ ಆಗಲ್ವಂತಲ್ಲ. ಗೊತ್ತಿಲ್ವಾ ನಿಮಗೆ?”

ಗೊತ್ತಿತ್ತು. ತಟ್ಟೆಯ ಅಂಚಿಗೆ ಈರುಳ್ಳಿ ಚೂರುಗಳನ್ನು ಒಂದೊಂದಾಗಿ ಸರಿಸುತ್ತಿದ್ದ ಪುಟ್ಟ ಬೆರಳುಗಳು ನೆನಪಾದವು. ಆ ಬೆರಳುಗಳ ಮೇಲೆ ಬಿದ್ದ ಏಟೂ ನೆನಪಾಯಿತು. “ಈರುಳ್ಳಿ ಬೆಳೆದೋನ ಕಷ್ಟ ಗೊತ್ತೇನೋ ನಿಂಗೆ” ಎಂದು ಅಷ್ಟನ್ನೂ ಎದುರಿಗೆ ನಿಂತು ನುಂಗಿಸಿದ್ದ. ಆಮೇಲೆ ಹುಡುಗ ಮನೆಯಲ್ಲಿ ಸುಮ್ಮನೆ ನುಂಗುವುದನ್ನು ಕಲಿತ, ಇವನು ಮರೆತ. ಹಾಲು ತುಪ್ಪದ ದಿನ ಎಡೆಯ ಮೇಲೆ ಈರುಳ್ಳಿ ಸುರಿದದ್ದೂ ಇವನದೇ ಕೈ.

ಎಣ್ಣೆ ಸದ್ದು ಮಾಡಿತು. ಸ್ವಲ್ಪ ಹೊತ್ತಿಗೆ ನಾಗರಾಜು ಕೇಳದೆಯೇ ಒಂದು ತಟ್ಟೆ ತಂದು ಮುಂದಿಟ್ಟ. “ಕಟ್ಟಿಕೊಡೋದು ಬೇರೆ ಹಾಕಿದೀನಿ, ಇದು ನಿಮಗೆ. ನೀವು ಕೂತಿರೋದೂ ಅವನ ಟೇಬಲ್ಲೇ. ಬ್ರೆಡ್ಡಲ್ಲಿ ಕೋಳಿ ತುರುಕಿ ತಿನ್ನೋ ದರಿದ್ರ ಅಂತ ಬೈತೀರಂತಲ್ಲ ಸಾರ್ ನೀವು? ಬಂದಾಗೆಲ್ಲ ಅಂತಾನೆ, ಅಣ್ಣ, ಒಂದಿನ ನಮ್ಮಪ್ಪನ್ನ ಎಳ್ಕೊಂಡ್ ಬಂದು ಇಲ್ಲಿ ಕೂರಿಸ್ತೀನಿ, ತಿಂದ್ಮೇಲೆ ಬೈಲಿ ನೋಡೇಬಿಡೋಣ ಅಂತ.”

ಕಾಗೆ ಎಡೆ ಮುಟ್ಟುವವರೆಗೆ ಬೈರಪ್ಪ ಬಾಯಿಗೆ ಒಂದು ಗುಟುಕು ನೀರೂ ಹಾಕುವಂತಿರಲಿಲ್ಲ. “ಇವತ್ತು ನಾನು ತಿನ್ನಂಗಿಲ್ಲ,” ಅಂದ.

“ಓ, ಮುಡಿ ಕೊಟ್ಟು ಬಂದಿದೀರಲ್ಲ. ಮರ್ತೇಹೋಯ್ತು ನೋಡಿ,” ಎಂದು ನಾಗರಾಜು ತಟ್ಟೆ ಎತ್ತಿಕೊಂಡ.

ಬೈರಪ್ಪ ಎದುರಿನ ಖಾಲಿ ಕುರ್ಚಿಯನ್ನು ನೋಡಿದ. ಹೊಲದಲ್ಲಿ ಬಾಳೆಲೆ ಹಾಸಿಕೊಂಡು ಕಾಯುತ್ತಿರುವ ನೆಂಟರು ಕಣ್ಣಿಗೆ ಬಂದರು.

“ಕೊಡಪ್ಪ ಇಲ್ಲಿ.”

ಎರಡೂ ಕೈಯಲ್ಲಿ ಹಿಡಿದು ತಿಂದ. ಹೇಗೆ ಹಿಡಿಯಬೇಕೆಂದು ತಿಳಿಯದೆ ಅರ್ಧ ತಟ್ಟೆಗೆ ಉದುರಿತು, ಅದನ್ನೂ ಬಳಿದು ತಿಂದ. ಕಾಲಿನ ಮೂಳೆಯನ್ನೂ ಬಿಡಲಿಲ್ಲ, ಅಗಿದ. ನಾಗರಾಜು ಗಲ್ಲಾಕ್ಕೆ ಒರಗಿ ನೋಡುತ್ತಲೇ ಇದ್ದ.

“ಹೆಂಗಿದೆ ಸಾರ್?”

“ಚೆನ್ನಾಗೈತೆ.”

“ತಡೀರಿ, ಈಗ್ಲೇ ಫೋನ್ ಮಾಡಿ ಹೇಳ್ತೀನಿ ಆ ನನ್ ಮಗಂಗೆ. ನಿಮ್ಮಪ್ಪ ಪ್ಲೇಟ್ ಖಾಲಿ ಮಾಡಿದ್ರು ಅಂತ.”

“ಬೇಡ. ನಾನೇ ಹೇಳ್ತೀನಿ ಬಿಡು.”

ನಾಗರಾಜು ಫೋನು ಕೆಳಗಿಟ್ಟು, ಕಾಗದದಲ್ಲಿ ಸುತ್ತಿದ ಪೊಟ್ಟಣ ತಂದು ಕೈಗಿಟ್ಟ. “ಬೇಗ ತಲುಪ್ಸಿ ಸಾರ್. ಬಿಸಿ ಇದ್ದಾಗ್ಲೇ ತಿನ್ನು ಅಂತ ಹೇಳಿ ಅವನಿಗೆ. ಆರೋಯ್ತು ಅಂದ್ರೆ ಕಾಗೇನೂ ಮುಟ್ಟಲ್ಲ.”

ಬೈರಪ್ಪ ಪೊಟ್ಟಣವನ್ನು ಅಂಗಿಯೊಳಗೆ ತುರುಕಿಕೊಂಡು ಸ್ಕೂಟರ್ ಹತ್ತಿದ. ಎದೆಯ ಚರ್ಮ ಚುರುಗುಟ್ಟಿತು. ಹೇರೋಹಳ್ಳಿಯವರೆಗೂ, ಒಂದೊಂದು ಗುಂಡಿ ಇಳಿದು ಹತ್ತಿದಾಗಲೂ, ಹ್ಯಾಂಡಲ್ಲಿನಿಂದ ಒಂದು ಕೈ ಬಿಟ್ಟು ಎದೆ ಮುಟ್ಟಿ ನೋಡಿಕೊಳ್ಳುತ್ತಿದ್ದ, ಇನ್ನೂ ಸುಡುತ್ತಿದೆಯಾ ಎಂದು.